ಚಿತ್ತಪ್ರಸಾದಕ್ಕೆ ಗಾನ ಮತ್ತು ಹಾಸ್ಯ

‘ಪ್ರಸಾದ’ ಎಂಬ ಶಬ್ದವನ್ನು ಕೇಳಿದೊಡನೆ ಶಿವಭಕ್ತರಿಗೆ ಅಷ್ಟಾವರಣಗಳಲ್ಲೊಂದಾದ ಪ್ರಸಾದವು ನೆನಪಾಗುವುದು ಸಹಜ. ಆ ಶಬ್ದದ ಮೂಲಾರ್ಥವನ್ನು ವಿಚಾರಿಸಿದರೆ ‘ತಿಳಿಯಾಗುವಿಕೆ’ ಎಂಬ ಭಾವವು ಅದರಲ್ಲಿ ಅಡಗಿರುವುದು ಗೋಚರವಾಗುತ್ತದೆ. ಕದಡಿದ ನೀರು ತಿಳಿಯಾದರೆ ಅದು ಪ್ರಸನ್ನ. ಕದಡಿದ ಮನಸ್ಸು ತಿಳಿಯಾದರೆ ಅದೂ ಪ್ರಸನ್ನವೇ. ಹಿಂದಿನವರು ಬಗ್ಗಡದ ನೀರನ್ನು ತಿಳಿಗೊಳಿಸಲು ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯುತ್ತಿದ್ದರು. ಆ ಬೀಜವು ಕೆಸರನ್ನು ಇಲ್ಲವಾಗಿಸುವುದಿಲ್ಲ. ತಳಕ್ಕೆ ಇಳಿಸುತ್ತದೆ, ಅಷ್ಟೆ. ಮೇಲಿನ ನೀರು ಬಳಕೆಗೆ ಯೋಗ್ಯವಾಗುತ್ತದೆ. ಗಾನ ಮತ್ತು ಹಾಸ್ಯಗಳು ಮನುಷ್ಯನ ಚಿತ್ತಕ್ಕೆ ಮಾಡುವ ಉಪಕಾರವೂ ಇಂಥದೇ. ಅವು ಸಂಸಾರದ ಕಷ್ಟವನ್ನು ಕಳೆಯಲಾರವು. ಕಷ್ಟವನ್ನು ಎದುರಿಸಲು ಬೇಕಾದ ತಿಳಿವನ್ನು ಮರಳಿ ಕೊಡಬಲ್ಲವು.

ಇಂದು ಮೊಬೈಲ್ ಫೋನು ಅಂಗೈಯಲ್ಲಿದೆ. ಬೇಸರವಾದಾಗ ಮೆಚ್ಚಿನ ಹಾಡಿನ ಒಂದು ತುಣುಕನ್ನೋ ನಗೆನಾಟಕದ ಒಂದು ಪ್ರಸಂಗವನ್ನೋ ನೋಡಿ ಮನಸ್ಸನ್ನು ಹಗುರಗೊಳಿಸಿಕೊಳ್ಳುವುದು ಹಿರಿಯರಿಗೂ ಕಿರಿಯರಿಗೂ ರೂಢಿಯಾಗಿದೆ. ಇದು ಕೇವಲ ಕಾಲಹರಣವೆಂದು ಹಳಿಯುವವರುಂಟು. ಸರ್ವರೋಗಕ್ಕೂ ಮದ್ದೆಂದು ಹೊಗಳುವವರೂ ಉಂಟು. ಎರಡೂ ಅತಿಯಾದ ಮಾತುಗಳೇ. ಯಾವ ನಗೆ ಮತ್ತು ಯಾವ ಹಾಡು ಚಿತ್ತವನ್ನು ತಿಳಿಗೊಳಿಸುತ್ತದೆ, ಯಾವುದು ಮತ್ತಷ್ಟು ಕದಡುತ್ತದೆ ಎಂಬ ವಿವೇಕವೇ ಇಲ್ಲಿ ಮುಖ್ಯವಾದುದು.

ಮೊದಲು ಹಾಸ್ಯವನ್ನು ನೋಡೋಣ. ಭರತಮುನಿಯ ನಾಟ್ಯಶಾಸ್ತ್ರವು ಹಾಸ್ಯರಸದ ವರ್ಣವು ಬಿಳುಪೆಂದೂ ಅದರ ಅಧಿದೇವತೆಗಳು ಪ್ರಮಥರೆಂದೂ ಹೇಳುತ್ತದೆ. ಪ್ರಮಥರು ಶಿವನ ಗಣಂಗಳು. ಕೈಲಾಸದ ಬಾಗಿಲಿನಲ್ಲಿಯೇ ನಗೆಗೆ ಸ್ಥಾನವನ್ನು ಕಲ್ಪಿಸಿದ ಈ ದೃಷ್ಟಿಯು ಗಮನಾರ್ಹವಾದುದು. ವಿಕೃತವಾದ ವೇಷ, ಅಸಂಬದ್ಧವಾದ ಮಾತು, ಸ್ಥಾನ ತಪ್ಪಿದ ಅಲಂಕಾರ ಇವೆಲ್ಲ ಹಾಸ್ಯಕ್ಕೆ ಕಾರಣಗಳು. ಸೊಂಟದಲ್ಲಿರಬೇಕಾದ ಒಡ್ಯಾಣವನ್ನು ಎದೆಗೆ ಕಟ್ಟಿಕೊಂಡರೆ ಅದು ನಗೆಗೆ ಮಾತ್ರ ಕಾರಣವಾದೀತೆಂದು ಭರತನು ಉದಾಹರಿಸುತ್ತಾನೆ. ಔಚಿತ್ಯ ತಪ್ಪಿದಲ್ಲಿ ಹಾಸ್ಯ ಹುಟ್ಟುತ್ತದೆಂಬುದು ಅಭಿನವಗುಪ್ತನ ವ್ಯಾಖ್ಯಾನದ ತಾತ್ಪರ್ಯ. ಹೀಗೆ ಹೀಗಿರಬೇಕೆಂಬ ನಿರೀಕ್ಷೆಯು ತಟ್ಟನೆ ತಲೆಕೆಳಗಾದಾಗ, ಅದರಿಂದ ಯಾರಿಗೂ ಹಾನಿಯಿಲ್ಲವೆಂದು ತಿಳಿದಾಗ, ಬಿಗಿದಿದ್ದ ಮನಸ್ಸು ಸಡಿಲಗೊಂಡು ನಗುವಾಗಿ ಹೊರಬರುತ್ತದೆ.

ನಗೆಯಲ್ಲಿ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು 6 ಭೇದಗಳು. ಮೊದಲೆರಡು ಉತ್ತಮರವು, ನಡುವಿನೆರಡು ಮಧ್ಯಮರವು, ಕೊನೆಯೆರಡು ಅಧಮರವು. ಹಲ್ಲು ಕಾಣದಂತೆ ಕೆನ್ನೆಯಷ್ಟೇ ಅರಳುವ ನಗೆ ಸ್ಮಿತ. ಮೈಮರೆತು, ಕಣ್ಣೀರು ಸುರಿದು, ಪಕ್ಕೆ ಹಿಡಿದುಕೊಂಡು ನಗುವುದು ಅತಿಹಸಿತ. ತಾನು ನಗುವುದು ಆತ್ಮಸ್ಥ, ಇತರರನ್ನು ನಗಿಸುವುದು ಪರಸ್ಥ ಎಂಬ ಇನ್ನೊಂದು ವಿಭಾಗವೂ ಉಂಟು. ನಗೆಯು ಒಬ್ಬರಿಂದ ಒಬ್ಬರಿಗೆ ಹಬ್ಬುವ ಗುಣವುಳ್ಳದ್ದೆಂಬುದನ್ನು ಶಾಸ್ತ್ರಕಾರರು ಚೆನ್ನಾಗಿ ಬಲ್ಲವರಾಗಿದ್ದರು.

ಇನ್ನು ಗಾನ. ಹಾಸ್ಯ ಮತ್ತು ಶೃಂಗಾರಗಳಿಗೆ ಮಧ್ಯಮ–ಪಂಚಮಗಳು, ಕರುಣಕ್ಕೆ ಗಾಂಧಾರ–ನಿಷಾದಗಳು ಎಂದು ಸ್ವರಗಳಿಗೂ ರಸಗಳಿಗೂ ಭರತನೇ ಸಂಬಂಧವನ್ನು ಹೇಳಿದ್ದಾನೆ. ಕನ್ನಡದಲ್ಲಿ ನಿಜಗುಣ ಶಿವಯೋಗಿಗಳು ತಮ್ಮ ‘ವಿವೇಕಚಿಂತಾಮಣಿ’ಯಲ್ಲಿ ಸಂಗೀತಶಾಸ್ತ್ರಕ್ಕೂ ಎಡೆಯಿತ್ತಿದ್ದಾರೆ. ತಮ್ಮ ದೇಹವನ್ನೇ ವಾದ್ಯವಾಗಿ ಭಾವಿಸಿ ಶಿವನಿಗೆ ಒಪ್ಪಿಸಿದವರು ಬಸವಣ್ಣನವರು. ಹಾಡು ಮನಸ್ಸನ್ನು ಹಿಡಿಯುವುದು ಹೇಗೆ? ಪಲ್ಲವಿಯು ಮರಳಿ ಬರುವುದೆಂದು ಕೇಳುಗನಿಗೆ ಗೊತ್ತು. ಅದು ಬರುವ ಮುನ್ನವೇ ಅವನ ಮನಸ್ಸು ಮುಂದೆ ಹೋಗಿ ಕಾಯುತ್ತಿರುತ್ತದೆ. ತಾಳದ ಸಮದಲ್ಲಿ ಎರಡೂ ಕೂಡಿದಾಗ ತಲೆ ತಾನಾಗಿ ತೂಗುತ್ತದೆ. ಕೆನಡಾ ದೇಶದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಸಂಶೋಧನೆಯು ಇದಕ್ಕೆ ಪುಷ್ಟಿ ಕೊಡುತ್ತದೆ. ಮೆಚ್ಚಿನ ಸಂಗೀತವನ್ನು ಕೇಳುತ್ತಿರುವಾಗ ಮಿದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವು ಸ್ರವಿಸುತ್ತದೆ. ಇಷ್ಟವಾದ ಘಟ್ಟ ಬಂದಾಗ ಮಾತ್ರವಲ್ಲ, ಅದು ಬರಲಿದೆಯೆಂದು ನಿರೀಕ್ಷಿಸುವಾಗಲೂ ಮಿದುಳಿನ ಬೇರೊಂದು ಭಾಗದಲ್ಲಿ ಸ್ರವಿಸುತ್ತದೆ ಎಂದು ಅವರು ಕಂಡುಕೊಂಡರು. ನೂರು ಸಲ ಕೇಳಿದ ಹಾಡು ನೂರೊಂದನೆಯ ಸಲವೂ ಹಿತವಾಗುವುದರ ಗುಟ್ಟು ಇದರಿಂದ ತಿಳಿಯುತ್ತದೆ. ಹಾಸ್ಯವು ನಿರೀಕ್ಷೆಯನ್ನು ಮುರಿದು ಹಗುರಗೊಳಿಸಿದರೆ, ಗಾನವು ನಿರೀಕ್ಷೆಯನ್ನು ತುಂಬಿ ಹಗುರಗೊಳಿಸುತ್ತದೆ.

ಈ ಎರಡನ್ನೂ ಒಂದೇ ವೇದಿಕೆಯ ಮೇಲೆ ಕೂಡಿಸಿದ ಕೀರ್ತಿ ಕನ್ನಡದ ವೃತ್ತಿರಂಗಭೂಮಿಗೆ ಸಲ್ಲತಕ್ಕದ್ದು. ಕಂಪನಿ ನಾಟಕವೆಂದರೆ ರಾತ್ರಿಯಿಡೀ ಹಾರ್ಮೋನಿಯಂ, ತಬಲಾ, ರಂಗಗೀತೆ. ಹಿಂದೆ ರಂಗಸಜ್ಜಿಕೆ ಬದಲಾಗುತ್ತಿರುವಾಗ ಮುಂದಣ ಪರದೆಯೆದುರು ಹಾಸ್ಯಪ್ರಸಂಗ. ಮೆಚ್ಚಿದ ಹಾಡಿಗೆ ಸಭೆಯಿಂದ ‘ವನ್ಸ್ ಮೋರ್’ ಎಂಬ ಕೂಗು ಏಳುತ್ತಿತ್ತು. ನಟನು ಕಥೆಯನ್ನು ಅಲ್ಲಿಯೇ ನಿಲ್ಲಿಸಿ ಅದೇ ಹಾಡನ್ನು ಮತ್ತೆ ಹಾಡುತ್ತಿದ್ದನು. ಮೆಚ್ಚಿನ ತುಣುಕನ್ನು ಮರಳಿ ಮರಳಿ ಸವಿಯುವ ಆಸೆ ಇಂದಿನದಲ್ಲವೆಂಬುದಕ್ಕೆ ಇದೇ ಸಾಕ್ಷಿ. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ನಾಡಿನ ಹೆಮ್ಮೆಯಾಗಿ ಬೆಳೆಸಿದ ಗುಬ್ಬಿ ವೀರಣ್ಣನವರು (1891–1972) ಮೂಲತಃ ಹಾಸ್ಯನಟರು. ‘ಸದಾರಮೆ’ಯಲ್ಲಿ ಅವರು ಧರಿಸಿದ ಕಳ್ಳನ ಪಾತ್ರವು ನೋಡಿದವರ ನೆನಪಿನಲ್ಲಿ ಬಹುಕಾಲ ಉಳಿಯಿತು. ಆತ್ಮಕಥೆಗೆ ಅವರು ಇಟ್ಟ ಹೆಸರು ‘ಕಲೆಯೇ ಕಾಯಕ’. ನಗಿಸುವುದನ್ನೂ ಕಾಯಕವೆಂದು ಕಂಡ ಈ ಮನೋಭಾವವು ಶರಣರ ನೆಲದಲ್ಲಿ ಅಲ್ಲದೆ ಬೇರೆಲ್ಲಿ ಹುಟ್ಟೀತು?

ಕಾಯಕವು ದಾಸೋಹದಲ್ಲಿ ಸಾರ್ಥಕವಾಗಬೇಕಷ್ಟೆ. ಅದಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮವೇ ನಿದರ್ಶನ. ಹುಟ್ಟುಕುರುಡರಾಗಿದ್ದ ಪಂಚಾಕ್ಷರ ಗವಾಯಿಗಳನ್ನು (1892–1944) ಗುರುತಿಸಿ ಸಂಗೀತವಿದ್ಯೆಗೆ ಹಚ್ಚಿದವರು ಹಾನಗಲ್ಲ ಪೂಜ್ಯ ಕುಮಾರ ಶಿವಯೋಗಿಗಳು. ಕರ್ನಾಟಕ ಮತ್ತು ಹಿಂದೂಸ್ತಾನಿ ಪದ್ಧತಿಗಳೆರಡರಲ್ಲೂ ಪಾರಂಗತರಾದ ಗವಾಯಿಗಳು ಅಂಧರನ್ನೂ ಅನಾಥರನ್ನೂ ಕೂಡಿಕೊಂಡು ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. ಶಿಷ್ಯರ ಅನ್ನ–ವಿದ್ಯೆಗಳ ವೆಚ್ಚಕ್ಕೆ ನಾಟಕ ಕಂಪನಿಯೂ ಆಸರೆಯಾಯಿತು. ನಾಟಕ ನೋಡಿದವನು ನಕ್ಕು, ಹಾಡಿಗೆ ತಲೆದೂಗಿ, ಮನಸ್ಸು ಹಗುರವಾಗಿ ಮನೆಗೆ ಮರಳಿದರೆ, ಅವನು ಕೊಟ್ಟ ಕಾಸು ಕಣ್ಣಿಲ್ಲದ ಬಾಲಕನೊಬ್ಬನ ತುತ್ತಾಗುತ್ತಿತ್ತು. ಆ ಆಶ್ರಮದ ಹೊಣೆಯನ್ನು ಮುಂದೆ ಹೊತ್ತವರು ಪುಟ್ಟರಾಜ ಗವಾಯಿಗಳು (1914–2010). ಪಂಚಾಕ್ಷರ ಗವಾಯಿಗಳ ಗರಡಿಯಿಂದ ಬಂದ ಇನ್ನೊಬ್ಬ ಮಹಾಗಾಯಕರು ಬಸವರಾಜ ರಾಜಗುರು (1917–1991). ಮನರಂಜನೆಯೆಂದರೆ ಹಗುರವಾದ ವಸ್ತುವೆಂದು ಭಾವಿಸುವವರು ಈ ಚರಿತ್ರೆಯನ್ನು ಮರೆಯಬಾರದು.

ಬಳಿಕ ಯಂತ್ರಗಳು ಬಂದವು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಕಂಠವು ಗ್ರಾಮಫೋನ್ ತಟ್ಟೆಗೆ ಇಳಿಯಿತು. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು 3 ನಿಮಿಷಗಳ ಗಾನ ಮಾತ್ರ. ಗಂಟೆಗಟ್ಟಲೆ ಹಾಡುತ್ತಿದ್ದ ವಿದ್ವಾಂಸರು ರಾಗದ ಸಾರವನ್ನು ಅಷ್ಟರಲ್ಲೇ ಹಿಂಡಿ ಕೊಡಬೇಕಾಯಿತು. ಇಂದಿನ ತುಣುಕುಗಳಿಗೆ ಅದೇ ಪೂರ್ವಜ. 1935ರಲ್ಲಿ ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದು ಸ್ವಾರಸ್ಯಕರ ಸಂಗತಿ. 1950ರಲ್ಲಿ ಧಾರವಾಡದಲ್ಲಿಯೂ ಆಕಾಶವಾಣಿಯ ಕೇಂದ್ರ ತೆರೆಯಿತು. ಒಂದು ಪೆಟ್ಟಿಗೆಯ ಸುತ್ತ ಓಣಿಯೇ ಕುಳಿತು ಕೇಳುತ್ತಿದ್ದ ಕಾಲವದು.

ನಗೆಯನ್ನು ಔಷಧವಾಗಿ ಪ್ರಯೋಗಿಸಿಕೊಂಡ ಪ್ರಸಂಗವೊಂದು ದೂರದ ಅಮೆರಿಕದಲ್ಲಿ ಪ್ರಸಿದ್ಧವಾಗಿದೆ. ನಾರ್ಮನ್ ಕಸಿನ್ಸ್ ಎಂಬ ಪತ್ರಿಕಾ ಸಂಪಾದಕನು 1964ರಲ್ಲಿ ಕೀಲುಗಳನ್ನು ಬಿಗಿಯುವ ಕಠಿಣ ರೋಗಕ್ಕೆ ತುತ್ತಾದನು. ಹಾಸಿಗೆಯಲ್ಲಿ ಮಲಗಿಯೇ ಮಾರ್ಕ್ಸ್ ಸಹೋದರರ ನಗೆಚಿತ್ರಗಳನ್ನು ನೋಡಿದ ಅವನು, 10 ನಿಮಿಷ ಮನಸಾರೆ ನಕ್ಕರೆ 2 ಗಂಟೆ ನೋವಿಲ್ಲದೆ ನಿದ್ರಿಸಬಲ್ಲೆನೆಂದು ಬರೆದನು. 1979ರಲ್ಲಿ ಪುಸ್ತಕವಾಗಿ ಬಂದ ಈ ಅನುಭವವು ಒಬ್ಬ ರೋಗಿಯದು. ಅದನ್ನೇ ಸಿದ್ಧಾಂತವೆಂದು ಗ್ರಹಿಸಲಾಗದು. ಆದರೆ ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಇತರರೊಡನೆ ಕೂಡಿ ನಕ್ಕವರ ನೋವು ತಾಳುವ ಶಕ್ತಿಯು ಹೆಚ್ಚಿದ್ದು ಕಂಡುಬಂದಿತು. ಒಂಟಿಯಾಗಿರುವಾಗಿಗಿಂತ ಜೊತೆಯಲ್ಲಿರುವಾಗ ಮನುಷ್ಯನು ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆಂದು ರಾಬರ್ಟ್ ಪ್ರೊವೈನ್ ಎಂಬ ಮನೋವಿಜ್ಞಾನಿ ಲೆಕ್ಕ ಹಾಕಿದ್ದಾನೆ. ಭರತನ ‘ಪರಸ್ಥ’ವು ಇಲ್ಲಿ ಸಂಖ್ಯೆಯಾಗಿ ನಿಂತಿದೆ.

ಇಷ್ಟರಿಂದ ವಿವೇಕದ ದಾರಿಯು ಸ್ಪಷ್ಟವಾಗುತ್ತದೆ. ಅಂಗವಿಕಲತೆ, ಬಡತನ, ಜಾತಿ, ಮೈಬಣ್ಣಗಳನ್ನು ಹೀಯಾಳಿಸಿ ಎಬ್ಬಿಸುವ ನಗೆಯು ಒಬ್ಬನ ಮನಸ್ಸನ್ನು ಹಗುರಗೊಳಿಸಿ ಇನ್ನೊಬ್ಬನ ಮನಸ್ಸನ್ನು ಭಾರಗೊಳಿಸುತ್ತದೆ, ಅದು ಪ್ರಸಾದವಲ್ಲ. ತನ್ನ ಕುಂದನ್ನು ಕಂಡು ತಾನೇ ನಗಬಲ್ಲವನ ನಗೆಯೇ ಶ್ರೇಷ್ಠ. ಒಂದಾದ ಮೇಲೊಂದರಂತೆ ತುಣುಕುಗಳನ್ನು ಎಣಿಕೆಯಿಲ್ಲದೆ ಸರಿಸುತ್ತ ನಡುರಾತ್ರಿಯವರೆಗೆ ಕುಳಿತರೆ ನಿದ್ರೆ ಕೆಟ್ಟು ಚಿತ್ತವು ಇನ್ನಷ್ಟು ಕದಡುವುದು. ವಾರಗಟ್ಟಲೆ ಬಿಡದ ಖಿನ್ನತೆಗೆ ಹಾಡು–ಹಾಸ್ಯಗಳು ಸಾಲವು. ಅಂಥವರನ್ನು ಸಂಕೋಚವಿಲ್ಲದೆ ವೈದ್ಯರ ಬಳಿಗೆ ಕರೆದೊಯ್ಯುವುದು ಬಂಧುಗಳ ಮತ್ತು ಗುರುಗಳ ಕರ್ತವ್ಯ.

ಶಾಲೆಗಳಲ್ಲಿ ಇದಕ್ಕೆ ಹೆಚ್ಚಿನ ವೆಚ್ಚವೇನೂ ಬೇಕಿಲ್ಲ. ಬೆಳಗಿನ ಪ್ರಾರ್ಥನೆಯನ್ನು ಧ್ವನಿವರ್ಧಕಕ್ಕೆ ಒಪ್ಪಿಸದೆ ಮಕ್ಕಳೇ ಕಂಠ ಕೂಡಿಸಿ ಹಾಡಲಿ. ವಾರಕ್ಕೊಮ್ಮೆ ಒಂದು ಚಿಕ್ಕ ಹಾಸ್ಯಪ್ರಸಂಗವನ್ನು ಅವರೇ ಕಟ್ಟಿ ಆಡಲಿ. ವಸತಿನಿಲಯದಲ್ಲಿ ಮನೆಯ ನೆನಪಿನಿಂದ ಬಾಡಿರುವ ಬಾಲಕನು ಹತ್ತು ಜನರ ನಡುವೆ ಕುಳಿತು ಒಮ್ಮೆ ನಕ್ಕರೆ, ಆ ದಿನದ ಪಾಠವು ಅವನ ತಲೆಗೆ ಹತ್ತುತ್ತದೆ. ಕೇಳುವುದು ಒಳ್ಳೆಯದು, ಹಾಡುವುದು ಅದಕ್ಕಿಂತ ಒಳ್ಳೆಯದು, ಕೂಡಿ ಹಾಡುವುದು, ಕೂಡಿ ನಗುವುದು ಎಲ್ಲಕ್ಕಿಂತ ಒಳ್ಳೆಯದು. ಚಿಲ್ಲದ ಬೀಜದ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗುವುದಿಲ್ಲವೆಂದು ಪ್ರಾಚೀನರು ಎಚ್ಚರಿಸಿದ್ದಾರೆ. ಅದನ್ನು ಕೈಯಾರೆ ತೇಯಬೇಕು.