ತರ್ಕದ್ವಾರಗಳೂ ಜಾಲಗಳ ನಡತೆಯೂ

ಅನೇಕ ಅಂಗಗಳು ಒಂದನ್ನೊಂದು ಪ್ರೇರಿಸುತ್ತಲೂ ತಡೆಯುತ್ತಲೂ ನಡೆಯುವ ಕೂಟಕ್ಕೆ ಜಾಲವೆಂದು ಹೆಸರು. ಒಂದೊಂದು ಅಂಗವನ್ನು ಚೆನ್ನಾಗಿ ಬಲ್ಲವರು ಇಡೀ ಜಾಲದ ನಡತೆಯನ್ನೂ ಬಲ್ಲರೇ? ವಿದ್ವಾಂಸರು ಈ ಪ್ರಶ್ನೆಯನ್ನು ಎಲೆಕ್ಟ್ರಾನಿಕ್ ತರ್ಕದ್ವಾರಗಳಿಂದ ಪರೀಕ್ಷಿಸುವ ಬಗೆಯನ್ನು ನಮ್ಮ ವಿದ್ಯಾರ್ಥಿನಿಯರಿಗೆ ತಿಳಿಸಲಿಚ್ಛಿಸುತ್ತೇವೆ.

ತರ್ಕದ್ವಾರವು ವಿದ್ಯುತ್ತಿನ ಮೇಲ್ಮಟ್ಟವನ್ನು 1 ಎಂದೂ ಕೆಳಮಟ್ಟವನ್ನು 0 ಎಂದೂ ಗ್ರಹಿಸುವ ಚಿಕ್ಕ ಉಪಕರಣವು. ಇವುಗಳಲ್ಲಿ ಅತಿ ಸರಳವಾದುದು ನಿಷೇಧದ್ವಾರ. ಅದಕ್ಕೆ 1 ಬಂದರೆ 0 ಕೊಡುವುದು, 0 ಬಂದರೆ 1 ಕೊಡುವುದು. ಇಂತಹ ಎರಡು ದ್ವಾರಗಳನ್ನು ಬಳೆಯಂತೆ ಸುತ್ತಿಸಿ ಜೋಡಿಸಿದರೆ, ಒಂದು 1ರಲ್ಲಿಯೂ ಮತ್ತೊಂದು 0ಯಲ್ಲಿಯೂ ನೆಲೆಗೊಳ್ಳುವುವು. ಮೂರನ್ನು ಜೋಡಿಸಿದರೋ, ನೆಲೆಯೇ ಇಲ್ಲ! ಮೊದಲನೆಯದು 1 ಆದರೆ ಎರಡನೆಯದು 0, ಮೂರನೆಯದು 1; ಅದು ಮರಳಿ ಮೊದಲನೆಯದನ್ನು 0 ಮಾಡುವುದು. ಹೀಗೆ ಎಡೆಬಿಡದೆ ತೂಗಾಡುವುವು. ದ್ವಾರಗಳ ಗುಣವು ಅದೇ, ಬದಲಾದುದು ಕೂಡಿಕೆ.

ಜೀವಕೋಶದೊಳಗಿನ ಜೀನುಗಳೂ ಇಂತಹ ಜಾಲವೇ ಆಗಿರುವುವು. 2000ರಲ್ಲಿ ಅಮೆರಿಕದ ಎಲೋವಿಟ್ಸ್ ಮತ್ತು ಲೈಬ್ಲರ್ ಎಂಬವರು, ಒಂದು ಮುಂದಿನದನ್ನು ತಡೆಯುವಂತೆ ಮೂರು ಜೀನುಗಳನ್ನು ಬಳೆಯಾಗಿ ಹೆಣೆದು ಬ್ಯಾಕ್ಟೀರಿಯಾದೊಳಗಿರಿಸಲು, ಅದರ ಹಸುರು ಹೊಳಪು ಏರುತ್ತಲೂ ಇಳಿಯುತ್ತಲೂ ಇದ್ದಿತು.

ಹಾಗಾದರೆ ಕಾಗದದ ಮೇಲಿನ ಲೆಕ್ಕ ಸಾಲದೇ? ಸಾಲದು. ಎಲ್ಲ ದ್ವಾರಗಳೂ ಒಂದೇ ತಾಳಕ್ಕೆ ಬದಲಾಗುವುವೆಂದು ಎಣಿಸಿದರೆ, 0ಯಲ್ಲಿ ಆರಂಭವಾದ ಎರಡು ದ್ವಾರಗಳು ಎಂದೆಂದಿಗೂ ಜೊತೆಯಾಗಿಯೇ ಹೊರಳುತ್ತಿರಬೇಕು. ನಿಜವಾದ ದ್ವಾರಗಳಾದರೋ ಕೂಡಲೇ ನೆಲೆಗೊಳ್ಳುವುವು. ಏಕೆಂದರೆ ಪ್ರತಿಯೊಂದಕ್ಕೂ ತನ್ನದೇ ಆದ ತಡವುಂಟು. ಆ ತಡವು ನ್ಯಾನೋಸೆಕೆಂಡುಗಳಷ್ಟೇ ಆದರೂ ಅಲ್ಪವೆಂದು ಬಿಡತಕ್ಕದ್ದಲ್ಲ. 2009ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳೂ ಅವರ ಸಂಗಡಿಗರೂ, ತಾಳ ಕೊಡುವ ಗಡಿಯಾರವಿಲ್ಲದೆ ಮೂರೇ ಗಂಟುಗಳ ಜಾಲವನ್ನು ರಚಿಸಲು, ಅದರ ಮಿಡಿತಗಳು ಯಾವ ಕ್ರಮಕ್ಕೂ ಒಳಪಡದೆ ಹೊರಟುವು.

4069 ಎಂಬ ಚಿಪ್ಪಿನಲ್ಲಿ ಆರು ನಿಷೇಧದ್ವಾರಗಳಿರುವುವು. ಮೂರನ್ನು ಬಳೆಯಾಗಿ ಜೋಡಿಸಿ, ಪ್ರತಿಯೊಂದರ ನಡುವೆ ರೋಧಕವನ್ನೂ ಧಾರಕವನ್ನೂ ಇಟ್ಟು ತಡವನ್ನು ಹೆಚ್ಚಿಸಿದರೆ, ತೂಗಾಟವು ಕಣ್ಣಿಗೇ ಕಾಣುವಷ್ಟು ನಿಧಾನವಾಗುವುದು. ಹುಡುಗಿಯರು ಇದನ್ನು ಬಾಯಿಪಾಠ ಮಾಡದೆ ಕೈಯಾರೆ ಮಾಡಿ ನೋಡಲಿ.

ಉಪಾಧ್ಯಾಯಿನಿಯರಾದ ನಮಗೂ ಇದರಲ್ಲಿ ಪಾಠವಿಲ್ಲದಿಲ್ಲ. ತರಗತಿಯು ನೆಲೆತಪ್ಪಿದಾಗ ಯಾವಳೋ ಒಬ್ಬಳನ್ನು ದೂರಿ ಶಿಕ್ಷಿಸುವುದು ಸುಲಭ. ನಾವೂ ಹಾಗೆ ಮಾಡಿದ್ದುಂಟು. ಕೂಡಿಕೆಯನ್ನು ಮೊದಲು ಪರೀಕ್ಷಿಸುವುದು ನ್ಯಾಯವೆಂದು ಈಗ ಕಾಣುತ್ತದೆ.