ಹಸುವಿಗೆ ಉರಿಯದ ಎದೆ

ರಾತ್ರಿ ಕೊಟ್ಟಿಗೆಯಲ್ಲಿ ಮಲಗಿದ ಹಸುವಿನ ಕತ್ತನ್ನು ಸ್ವಲ್ಪ ಹೊತ್ತು ನೋಡುತ್ತಿರಿ. ಕೆಳಗಿನಿಂದ ಒಂದು ಉಂಡೆ ಸರ್ರನೆ ಮೇಲೆ ಬಂದು ಬಾಯಿ ಸೇರುತ್ತದೆ. ಹಸು ಅದನ್ನು ನಿಧಾನವಾಗಿ ಅಗಿದು ನುಂಗುತ್ತದೆ. ತುಸು ಬಿಟ್ಟು ಇನ್ನೊಂದು ಉಂಡೆ. ನಮಗೆ ಉಂಡದ್ದು ಹೀಗೆ ಒಂದು ಸಲ ಮೇಲೆ ಬಂದರೂ ಗಂಟಲಿನವರೆಗೆ ಉರಿ. ಹಸುವಿಗೇಕೆ ಉರಿಯುವುದಿಲ್ಲ?

ಅದರ ಹೊಟ್ಟೆಗೆ ನಾಲ್ಕು ಕೋಣೆ. ಮೆಲುಕಿಗೆ ಬರುವುದು ಮೊದಲೆರಡು ಕೋಣೆಯ ಮೇವು. ಅಲ್ಲಿ ಮೇವನ್ನು ಕೊಳೆಸುವುದು ಸೂಕ್ಷ್ಮಜೀವಿಗಳು, ಜಠರಾಮ್ಲವಲ್ಲ. ಅಲ್ಲಿ ಹುಟ್ಟುವ ಹುಳಿಯನ್ನು ತಗ್ಗಿಸಲು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ಒಳಗಿಳಿಯುತ್ತದೆ. ನಮ್ಮ ಅಡುಗೆಸೋಡಾದಲ್ಲಿರುವ ಬೈಕಾರ್ಬನೇಟೇ ಆ ಜೊಲ್ಲಿನಲ್ಲೂ ಇದೆ. ಸುಡುವ ಆಮ್ಲವಿರುವುದು ನಾಲ್ಕನೆಯ ಕೋಣೆಯಲ್ಲಿ, ಬಾಯಿಂದ ಬಲು ದೂರ. ಕುದುರೆಯ ಕಥೆ ಬೇರೆ. ಅದರ ಅನ್ನನಾಳದ ತುದಿಯ ಸ್ನಾಯು ಎಷ್ಟು ಬಿಗಿ ಎಂದರೆ ಹೊಟ್ಟೆ ಬಿರಿಯುವಷ್ಟು ಉಬ್ಬಿದರೂ ಅದಕ್ಕೆ ವಾಂತಿಯಾಗುವುದಿಲ್ಲ.

ನಮ್ಮದು ಇವೆರಡರ ನಡುವಿನ ಬಾಗಿಲು. ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳದ ಕೊನೆಯಲ್ಲಿ 3–4 ಸೆಂಟಿಮೀಟರಿನ ಒಂದು ಸ್ನಾಯುವಿನ ಉಂಗುರ. ಅದನ್ನು ಹೊರಗಿನಿಂದ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ, ತಬ್ಬಿ ಹಿಡಿದಿರುತ್ತದೆ. ಉಸಿರೆಳೆದಾಗ ಹೊಟ್ಟೆಯ ಮೇಲೆ ಒತ್ತಡ ಬೀಳುತ್ತದಲ್ಲ, ಸರಿಯಾಗಿ ಆ ಗಳಿಗೆಗೆ ವಪೆಯೂ ಬಿಗಿದು ಬಾಗಿಲನ್ನು ಅದುಮುತ್ತದೆ. ಇಷ್ಟು ಚೆಂದದ ಜೋಡಣೆ ಮನುಷ್ಯ ಮಾಡಿದ ಕವಾಟಗಳಲ್ಲಿ ನನಗೆ ಕಂಡಿಲ್ಲ.

‘ಗ್ಯಾಸ್ಟ್ರಿಕ್’ ಎನ್ನುವವರೆಲ್ಲ ಆಮ್ಲ ಹೆಚ್ಚಾಗಿದೆ ಎಂದುಕೊಳ್ಳುತ್ತಾರೆ. ಬಹಳ ಮಂದಿಯಲ್ಲಿ ಆಮ್ಲ ಇರಬೇಕಾದಷ್ಟೇ ಇರುತ್ತದೆ, ಬಾಗಿಲು ಹೊತ್ತಲ್ಲದ ಹೊತ್ತಿನಲ್ಲಿ ತೆರೆದಿರುತ್ತದೆ. ಜಾನ್ ಡೆಂಟ್, ವೈಲಿ ಡಾಡ್ಸ್ ಮತ್ತು ಸಂಗಡಿಗರು 1980ರ ಸುಮಾರಿಗೆ ಅನ್ನನಾಳದೊಳಗಿನ ಒತ್ತಡ ಅಳೆದು ಇದನ್ನು ತೋರಿಸಿದರು. ಏನನ್ನೂ ನುಂಗದಿದ್ದರೂ ಉಂಗುರ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಸಡಿಲವಾಗುತ್ತದೆ. ಅದು ತೇಗಿನ ದಾರಿ. ಹೊಟ್ಟೆಯ ಮೇಲ್ಭಾಗ ಹಿಗ್ಗಿದಾಗ, ಗಾಳಿ ಹೊರಹೋಗಲೆಂದು ನರಗಳೇ ಬಾಗಿಲು ತೆಗೆಸುತ್ತವೆ. ಗಾಳಿಯ ಜೊತೆಗೆ ಹುಳಿಯೂ ಬರುತ್ತದೆ.

ಇದನ್ನು ತಿಳಿದ ಮೇಲೆ ಅಡುಗೆಮನೆಯ ಲೆಕ್ಕ ಬದಲಾಗುತ್ತದೆ. ನಮ್ಮ ತಾಯಿ ಎದೆಯುರಿಗೆಂದು ಹುಣಸೆ, ಟೊಮೇಟೊ, ಹಸಿಮೆಣಸಿನಕಾಯಿ ಎಲ್ಲ ಬಿಟ್ಟರು. ಮನೆಯವರೆಲ್ಲ ಉಂಡ ಮೇಲೆ ರಾತ್ರಿ ಹತ್ತೂವರೆಗೆ ಉಂಡು ಮಲಗುವುದನ್ನು ಮಾತ್ರ ಬಿಡಲಿಲ್ಲ. ಹುಳಿ, ಖಾರ ಈಗಾಗಲೇ ಕೆರಳಿದ ಅನ್ನನಾಳವನ್ನು ಚುರ್ರೆನಿಸುತ್ತವೆ ನಿಜ. ಆದರೆ ಬಾಗಿಲನ್ನು ಹೆಚ್ಚು ಸಲ ತೆಗೆಸುವುದು ಹಿಗ್ಗಿದ ಹೊಟ್ಟೆ. ಆದ್ದರಿಂದ ಮೊದಲು ನೋಡಬೇಕಾದದ್ದು ಎಷ್ಟು, ಯಾವಾಗ ಎಂಬುದನ್ನು. ಮುದ್ದೆ ಬೇಡವೆಂದು ನಾನು ಯಾರಿಗೂ ಹೇಳುವುದಿಲ್ಲ. ರಾತ್ರಿ ಒಂದೇ ಮುದ್ದೆ, ಅದೂ ಏಳೂವರೆಯೊಳಗೆ ಸಾಕು. ಮಲಗುವುದಕ್ಕೂ ಊಟಕ್ಕೂ ಮೂರು ಗಂಟೆಯ ಅಂತರ ಬೇಕು. ಎಣ್ಣೆ ತೇಲುವ ಗೊಜ್ಜು, ಸಂಜೆಯ ಬಜ್ಜಿ ಹೊಟ್ಟೆಯಲ್ಲಿ ಬಹಳ ಹೊತ್ತು ಕೂರುತ್ತವೆ, ಕೊಬ್ಬು ಉಂಗುರವನ್ನೂ ಸಡಿಲಿಸುತ್ತದೆ. ಪುದೀನವೂ ಕೆಲವರಿಗೆ ಉರಿ ತರಬಹುದು, ಹೊಟ್ಟೆಗೆ ತಂಪೆಂದು ಚಟ್ನಿ ಅರೆಯುವವರಿಗೆ ಇದು ಬೇಸರದ ಸುದ್ದಿ. ಹೆಸರುಬೇಳೆ ತೊವ್ವೆ, ಸೋರೆಕಾಯಿ ಅಥವಾ ಹೀರೆಕಾಯಿ ಪಲ್ಯ, ಒಂದು ಚಮಚ ಎಣ್ಣೆಯ ಜೀರಿಗೆ ಒಗ್ಗರಣೆ: ರಾತ್ರಿಗೆ ಇದು ರುಚಿಯಾದ ಊಟವೇ. ಕಾಫಿ ಒಬ್ಬರಿಗೆ ಆಗುತ್ತದೆ, ಒಬ್ಬರಿಗೆ ಆಗದು. ಅದನ್ನು ಅವರವರೇ ಒಂದೆರಡು ವಾರ ಬಿಟ್ಟು ನೋಡಬೇಕು. ಲಂಗದ ಲಾಡಿ, ಬೆಲ್ಟು ಬಿಗಿಯಾಗಿದ್ದರೂ ಹೊಟ್ಟೆಯ ಒತ್ತಡ ಏರುತ್ತದೆ.

ಸೋಡಾ ಕುಡಿದು ಜೋರಾಗಿ ತೇಗಿದರೆ ಹಾಯೆನಿಸುತ್ತದೆ. ಆ ಗಾಳಿ ಹೊಟ್ಟೆಯನ್ನು ಮತ್ತೆ ಹಿಗ್ಗಿಸಿ ಅದೇ ಬಾಗಿಲನ್ನು ತೆಗೆಸಿದೆ, ಅಷ್ಟೇ. ತಣ್ಣನೆಯ ಹಾಲು ಕ್ಷಣಕ್ಕೆ ಉರಿ ಆರಿಸಿದರೂ ಅದರ ಪ್ರೋಟೀನು, ಕ್ಯಾಲ್ಸಿಯಂ ಆಮ್ಲವನ್ನು ಮತ್ತೆ ಸ್ರವಿಸುವಂತೆ ಮಾಡುತ್ತವೆ.

ಒಂದು ವಿಷಯದಲ್ಲಿ ತಡಮಾಡಬೇಡಿ. ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಹಿಡಿದರೆ, ನೋವು ತೋಳಿಗೋ ದವಡೆಗೋ ಹರಿದರೆ, ಬೆವರು ಕಿತ್ತುಬಂದರೆ ಅದನ್ನು ಗ್ಯಾಸ್ಟ್ರಿಕ್ ಎಂದು ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಹೋಗಿ; ಅದು ಹೃದಯಾಘಾತವಿರಬಹುದು. ನುಂಗುವಾಗ ಅನ್ನ ಸಿಕ್ಕಿಕೊಂಡರೆ, ತೂಕ ಇಳಿದರೆ, ಮಲ ಕಪ್ಪಾದರೆ ಕೂಡ ವೈದ್ಯರು ನೋಡಲೇಬೇಕು.

ಇನ್ನು ಮಲಗುವುದು. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ, ನುಂಗುವುದೂ ಅಪರೂಪ. ಮೇಲೆ ಬಂದ ಹುಳಿಯನ್ನು ತೊಳೆಯಲು ಯಾರೂ ಇಲ್ಲ. ಊಟದ ನಂತರ ಹೊಸ ಆಮ್ಲ ಅನ್ನದೊಡನೆ ಬೆರೆಯದೆ ಅದರ ಮೇಲೆ, ಬಾಗಿಲಿಗೆ ತಾಗಿದಂತೆ ನಿಲ್ಲುತ್ತದೆ ಎಂದು ಗ್ಲಾಸ್ಗೋದ ಸಂಶೋಧಕರು 2001ರಲ್ಲಿ ಕಂಡುಕೊಂಡರು. ಬಲಕ್ಕೆ ಮಲಗಿದರೆ ಬಾಗಿಲು ಆ ಹುಳಿಗಿಂತ ಕೆಳಗಾಗುತ್ತದೆ. ಎಡಕ್ಕೆ ಮಲಗಿದರೆ ಮೇಲಿರುತ್ತದೆ. ಊಟದ ಮೇಲೆ ನಮ್ಮ ಹಿರಿಯರು ಮಾಡುತ್ತಿದ್ದ ‘ವಾಮಕುಕ್ಷಿ’ ಎಂಬ ಮಾತಿನಲ್ಲಿರುವುದು ಎಡ ಮಗ್ಗುಲೇ. ತಾಯಿಯ ಮಂಚದ ತಲೆಭಾಗದ ಎರಡು ಕಾಲಿಗೆ ಆರೇಳು ಅಂಗುಲ ಎತ್ತರದ ಮರದ ದಿಮ್ಮಿ ಕೊಟ್ಟೆವು. ದಿಂಬು ಪೇರಿಸಿದ್ದರೆ ಸೊಂಟ ಮಡಿಚಿಕೊಂಡು ಹೊಟ್ಟೆ ಇನ್ನಷ್ಟು ಒತ್ತಿಕೊಳ್ಳುತ್ತಿತ್ತು. ಈಗ ಅವರು ಎಂಟಕ್ಕೆ ಮೊದಲೇ, ಎಲ್ಲರಿಗಿಂತ ಮುಂಚೆ ಉಣ್ಣುತ್ತಾರೆ. ಸಾರಿಗೆ ಹುಣಸೆ ಮತ್ತೆ ಬಂದಿದೆ.