ದೂರದ ಯುದ್ಧ, ನಮ್ಮ ಕಣಜ



ಯುದ್ಧವೆಂದರೆ ಎಲ್ಲೋ ಗಡಿಯಲ್ಲಿ ನಡೆಯುವುದು, ಅದಕ್ಕೂ ಬೇಸಾಯಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ನಮ್ಮ ಸೀಮೆಯ ಬಾಗಿಲಿಗೇ ಯುದ್ಧ ಬಂದ ಕಾಲವೊಂದಿತ್ತು. 1791ರಲ್ಲಿ, ಮೂರನೆಯ ಮೈಸೂರು ಯುದ್ಧದ ಕಾಲಕ್ಕೆ, ಮರಾಠರ ಸೈನ್ಯ ಶಿರಾ, ಮಧುಗಿರಿ ಭಾಗಕ್ಕೆ ನುಗ್ಗಿತು. ಸೈನ್ಯ ಹಾದ ದಾರಿಯಲ್ಲಿ ಕಾಳು, ಮೇವು, ಎತ್ತು ಉಳಿಯುತ್ತಿರಲಿಲ್ಲ. ಎತ್ತು ಹೋದರೆ ಮರುವರ್ಷದ ಬಿತ್ತನೆಯೂ ಹೋದಂತೆ. 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಆ ಹಾಳನ್ನು ಕಂಡು ಬರೆದಿಟ್ಟಿದ್ದಾನೆ.

ಇಂದು ಯುದ್ಧ ಬರುವ ದಾರಿ ಬೇರೆ. 2022ರ ಫೆಬ್ರವರಿಯಲ್ಲಿ ರಷ್ಯ ಯುಕ್ರೇನಿನ ಮೇಲೆ ದಾಳಿ ಮಾಡಿದಾಗ ಸೂರ್ಯಕಾಂತಿ ಎಣ್ಣೆ, ಗೊಬ್ಬರ ಎರಡೂ ತುಟ್ಟಿಯಾದವು. ಪೊಟ್ಯಾಷ್‌ಗೆ ನಾವು ಬಹುಪಾಲು ಹೊರದೇಶಗಳನ್ನೇ ನಂಬಿದ್ದೇವೆ. ಆ ವರ್ಷದ ಮುಂಗಾರಿಗೆ ರೈತರು 1,350 ರೂಪಾಯಿ ಕೊಟ್ಟು ಕೊಂಡ ಡಿ.ಎ.ಪಿ. ಚೀಲವೊಂದಕ್ಕೆ ಸರ್ಕಾರ ತುಂಬಿದ ಸಹಾಯಧನ 2,501 ರೂಪಾಯಿ. ಹದ ಬಂದ ದಿನ ಗೊಬ್ಬರ ಸಿಗದಿದ್ದರೆ ಬೆಲೆ ಎಷ್ಟಿದ್ದರೇನು?

ಯುದ್ಧವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಅದರ ಪೆಟ್ಟನ್ನು ತಗ್ಗಿಸುವುದು ಸಾಧ್ಯ.

1. ಮನೆಗೆ ಒಂದು ವರ್ಷಕ್ಕೆ ಬೇಕಾದ ರಾಗಿಯನ್ನು ಇಟ್ಟುಕೊಂಡು ಉಳಿದದ್ದನ್ನು ಮಾರಿರಿ. ಚೆನ್ನಾಗಿ ಒಣಗಿದ ರಾಗಿ ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತದೆ. ಹಿರಿಯರು ಹಗೇವು ತೋಡಿದ್ದು ಇದಕ್ಕಾಗಿಯೇ. ಹಗೇವು ತೆರೆದ ಕೂಡಲೇ ಒಳಗೆ ಇಳಿಯಬೇಡಿ. ಒಳಗಿನ ಕೆಟ್ಟ ಗಾಳಿ ಪ್ರಾಣಕ್ಕೆ ಅಪಾಯ.

2. ಪಾವಗಡ, ಶಿರಾ ಕಡೆಯ ಕಡಲೆಕಾಯಿ ಬೆಳೆಗಾರರು ಬಿತ್ತನೆ ಬೀಜವನ್ನು ಸಿಪ್ಪೆ ಸಹಿತ ಒಣಗಿಸಿ, ತೇವವಿಲ್ಲದ ಜಾಗದಲ್ಲಿ ಇಡಿ. ಬಿತ್ತನೆಗೆ ಕೆಲವೇ ದಿನ ಮುಂಚೆ ಸುಲಿಯಿರಿ.

3. ಡಿ.ಎ.ಪಿ. ಸಿಗದಿದ್ದರೆ ಕಡಲೆಕಾಯಿಗೆ ಎಕರೆಗೆ 125 ಕೆ.ಜಿ. ಸೂಪರ್ ಫಾಸ್ಫೇಟ್ ಹಾಕಿ. ಇದರಿಂದ 20 ಕೆ.ಜಿ. ರಂಜಕದ ಜೊತೆಗೆ ಗಂಧಕ, ಸುಣ್ಣವೂ ದೊರೆಯುತ್ತದೆ. ಬೀಜಕ್ಕೆ ರೈಜೋಬಿಯಂ ಲೇಪಿಸಿ.

4. ಮಧುಗಿರಿ, ಕೊರಟಗೆರೆಯ ಖುಷ್ಕಿ ರಾಗಿಗೆ ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರ ಕೊಡಿ. 8 ಸಾಲು ರಾಗಿಗೆ 2 ಸಾಲು ತೊಗರಿ ಅಥವಾ ಅವರೆ ಹಾಕಿ. ಮಳೆ ಕೈಕೊಟ್ಟರೂ ಒಂದಲ್ಲ ಒಂದು ಬೆಳೆ ಕೈ ಹಿಡಿಯುತ್ತದೆ.

5. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಗೊಬ್ಬರ ಕೊಳ್ಳಿ. ಹೆಚ್ಚಿನ ವಿವರಗಳಿಗೆ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಕೇಳಿರಿ.

1791ರಲ್ಲಿ ಕಾಳು, ಬೀಜ, ಎತ್ತು ಉಳಿಸಿಕೊಂಡ ಮನೆ ಮರುವರ್ಷ ಬಿತ್ತಬಲ್ಲದಾಗಿತ್ತು. ಇಂದಿಗೂ ಲೆಕ್ಕ ಅದೇ: ಕಣಜದಲ್ಲಿ ರಾಗಿ, ಮನೆಯಲ್ಲಿ ಬೀಜ, ತಿಪ್ಪೆಯಲ್ಲಿ ಗೊಬ್ಬರ ಇರುವ ರೈತ ಮುಂದಿನ ಮಳೆಗೆ ಬಿತ್ತಬಲ್ಲ.